ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ನಮ್ಮ ಸದಸ್ಯರಲ್ಲಿ ಅನೇಕರು ಇಂದು ಬೆಳೆಗಾರರಷ್ಟೇ ಅಲ್ಲ, ಒಂದಲ್ಲ ಒಂದು ಕಂಪನಿಯ ಶೇರುದಾರರೂ ಹೌದು. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷ ಕೈಯಲ್ಲಿ ಉಳಿದ ಹಣವನ್ನು ನಮ್ಮ ಹಿರಿಯರು ಬಂಗಾರಕ್ಕೋ ಪಕ್ಕದ ತೋಟಕ್ಕೋ ಹಾಕುತ್ತಿದ್ದರು. ಈಗ ಅದರಲ್ಲಿ ಒಂದು ಪಾಲು ಶೇರು ಪೇಟೆಗೆ, ಮ್ಯೂಚುವಲ್ ಫಂಡಿಗೆ ಹೋಗುತ್ತಿದೆ. ಬೆಂಗಳೂರಿನಲ್ಲಿರುವ ಮಕ್ಕಳೇ ಫೋನಿನಲ್ಲಿ ಎಲ್ಲ ಮಾಡಿಕೊಡುತ್ತಾರೆ. ಇದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ತೋಟ ಕೊಳ್ಳುವಾಗ ಪಹಣಿ ನೋಡಿ, ನೀರಿನ ಮೂಲ ನೋಡಿ, ಒಂದು ಹಿಡಿ ಮಣ್ಣು ಕೈಯಲ್ಲಿ ಹಿಡಿದು ನೋಡಿ, ಕೊನೆಗೆ ಬೇಲಿಯಾಚೆಯ ನೆರೆಯವರ ಸ್ವಭಾವವನ್ನೂ ವಿಚಾರಿಸುವ ನಾವು, ಕಂಪನಿಯ ಶೇರು ಕೊಳ್ಳುವಾಗ ಅದರ ವಾರ್ಷಿಕ ವರದಿಯನ್ನು ತೆರೆದೂ ನೋಡುವುದಿಲ್ಲ ಎಂಬುದು ನಿಜವಲ್ಲವೇ?

ತೆರೆದು ನೋಡಿದರೂ ಮುಖ್ಯವಾದ ಒಂದು ಸಂಗತಿ ಅದರಲ್ಲಿ ಸುಲಭವಾಗಿ ಸಿಗುವುದಿಲ್ಲ. ಕಟ್ಟಡ, ಯಂತ್ರ, ದಾಸ್ತಾನು, ಬ್ಯಾಂಕಿನಲ್ಲಿರುವ ಹಣ, ಬರಬೇಕಾದ ಬಾಕಿ ಎಲ್ಲವೂ ಪೈಸೆ ಲೆಕ್ಕದಲ್ಲಿ ಇರುತ್ತವೆ. ಆದರೆ ಆ ಕಂಪನಿಯ ಜನರಿಗೆ ಏನು ಗೊತ್ತಿದೆ, ಆ ತಿಳಿವಳಿಕೆ ಕಂಪನಿಯಲ್ಲಿ ನಿಲ್ಲುತ್ತಿದೆಯೋ ಸೋರಿಹೋಗುತ್ತಿದೆಯೋ, ಗಿರಾಕಿಗಳು ಮತ್ತೆ ಮತ್ತೆ ಅದೇ ಬಾಗಿಲಿಗೆ ಬರುತ್ತಿದ್ದಾರೆಯೋ ಇಲ್ಲವೋ ಎಂಬುದಕ್ಕೆ ಅಢಾವೆ ಪತ್ರಿಕೆಯಲ್ಲಿ ಜಾಗವೇ ಇಲ್ಲ. ಅದೇ ಕಂಪನಿಯ ಶೇರಿಗೆ ಪೇಟೆ ಕೊಡುವ ಬೆಲೆಯಲ್ಲಿ ಬಹುಪಾಲು ಈ ಕಾಣದ ಆಸ್ತಿಗೇ ಸಲ್ಲುತ್ತದೆ ಎನ್ನುತ್ತಾರೆ ಬಲ್ಲವರು. ಅಮೆರಿಕದ ಓಷನ್ ಟೊಮೊ ಎಂಬ ಸಂಸ್ಥೆ ಅಲ್ಲಿನ 500 ದೊಡ್ಡ ಕಂಪನಿಗಳ ಲೆಕ್ಕ ತೆಗೆದಾಗ, ಪೇಟೆ ಬೆಲೆಯಲ್ಲಿ ಕಾಣದ ಆಸ್ತಿಯ ಪಾಲು 1975ರಲ್ಲಿ ಶೇಕಡಾ 17 ಇದ್ದದ್ದು 2020ರ ಹೊತ್ತಿಗೆ ಶೇಕಡಾ 90ಕ್ಕೆ ಬಂದಿತ್ತು. ಈ ಲೆಕ್ಕವನ್ನು ಪೂರ್ತಿ ನಂಬಬೇಕಾಗಿಲ್ಲ. ಪೇಟೆಯ ಬೆಲೆಯಿಂದ ಕಾಣುವ ಆಸ್ತಿಯನ್ನು ಕಳೆದು ಉಳಿದದ್ದಕ್ಕೆಲ್ಲ ಕಾಣದ ಆಸ್ತಿ ಎಂದು ಹೆಸರಿಟ್ಟರೆ, ಪೇಟೆಯ ಹುಮ್ಮಸ್ಸೂ ಅದರೊಳಗೆ ಸೇರಿಬಿಡುತ್ತದೆ. ಆದರೂ ದಿಕ್ಕು ಯಾವ ಕಡೆ ಎಂಬುದರಲ್ಲಿ ಅನುಮಾನವಿಲ್ಲ.

ಲೆಕ್ಕದ ನಿಯಮ ಹೀಗಿದೆ. ಕಾಫಿ ಗಿಡ ನೆಟ್ಟು ಫಸಲಿಗೆ ಬರುವತನಕ ಮಾಡಿದ ಖರ್ಚನ್ನು ಕಂಪನಿಯ ತೋಟವಾದರೆ ಆಸ್ತಿಯೆಂದು ಬರೆದುಕೊಳ್ಳಬಹುದು. ಆದರೆ ಆ ಗಿಡಕ್ಕೆ ಗಿಡಗಸಿ ಮಾಡಲು, ನೆರಳು ನೋಡಿ ಮರಗಸಿ ಮಾಡಲು ಆಳುಗಳಿಗೆ ಕಲಿಸಿದ ಖರ್ಚು ಆ ವರ್ಷದ ಖರ್ಚೇ ಹೊರತು ಆಸ್ತಿಯಲ್ಲ. ಗಿಡಕ್ಕೆ ಲೆಕ್ಕವುಂಟು, ಗಿಡ ನೋಡುವ ಕಣ್ಣಿಗೆ ಇಲ್ಲ. ಹಾಗೆಯೇ ಕಂಪನಿ ತಾನೇ ಬೆಳೆಸಿದ ಹೆಸರು, ತಾನೇ ಕಟ್ಟಿಕೊಂಡ ಗಿರಾಕಿಗಳ ಪಟ್ಟಿ, ಸಂಶೋಧನೆಗೆ ಸುರಿದ ಹಣ ಇವು ಯಾವುವನ್ನೂ ಆಸ್ತಿಯ ಕಡೆ ಬರೆಯುವಂತಿಲ್ಲ. ಸಂಶೋಧನೆ ಮುಗಿದು ವಸ್ತು ತಯಾರಿಸುವ ಹಂತಕ್ಕೆ ಬಂದ ಮೇಲೆ ಕೆಲವು ಷರತ್ತಿನ ಮೇಲೆ ಸ್ವಲ್ಪ ಸಡಿಲವಿದೆ, ಅಷ್ಟೆ. ನಮ್ಮ ದೇಶದ ದೊಡ್ಡ ಕಂಪನಿಗಳಿಗೆ ಇದನ್ನು ವಿಧಿಸುವುದು ಇಂಡ್ ಎ.ಎಸ್. 38 ಎಂಬ ಮಾನದಂಡ.

ಆದರೆ ಅದೇ ಹೆಸರನ್ನು ಇನ್ನೊಬ್ಬರಿಂದ ದುಡ್ಡು ಕೊಟ್ಟು ತಂದರೆ ಆಸ್ತಿಯಾಗುತ್ತದೆ! 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಕಂಪನಿ ಭಾರತದಲ್ಲಿ ಹಾರ್ಲಿಕ್ಸ್ ಎಂಬ ಹೆಸರಿನ ಹಕ್ಕಿಗೆ 3,045 ಕೋಟಿ ರೂ. ಕೊಟ್ಟಿತು. ಕೊಂಡದ್ದರಿಂದ ಅದು ಪುಸ್ತಕಕ್ಕೆ ಬಂತು. ಕಾಫಿಯವರಾದ ನಮಗೆ ಇನ್ನೂ ಹತ್ತಿರದ ಉದಾಹರಣೆ ಸ್ಟಾರ್‌ಬಕ್ಸ್‌ನದು. ಅಮೆರಿಕದ ಸಿಯಾಟಲ್ ನಗರದ ಆ ಕಂಪನಿಯನ್ನು 1987ರಲ್ಲಿ ಹೊವಾರ್ಡ್ ಷುಲ್ಟ್ಜ್ ಕೊಂಡಾಗ ಕೊಟ್ಟದ್ದು 38 ಲಕ್ಷ ಡಾಲರ್. 2018ರಲ್ಲಿ ನೆಸ್ಲೆ ಕಂಪನಿ, ಸ್ಟಾರ್‌ಬಕ್ಸ್ ಹೆಸರಿನ ಪ್ಯಾಕೆಟ್ ಕಾಫಿಯನ್ನು ಅದರ ಅಂಗಡಿಗಳ ಹೊರಗೆ ಜಗತ್ತಿನಲ್ಲೆಲ್ಲ ಮಾರುವ ಹಕ್ಕಿಗಾಗಿ ಒಮ್ಮೆಲೇ 715 ಕೋಟಿ ಡಾಲರ್ ಕೊಟ್ಟಿತು. ಆ ವ್ಯವಹಾರದಲ್ಲಿ ಒಂದು ಕಾರ್ಖಾನೆ ಇಲ್ಲ, ಒಂದು ಹುರಿಯುವ ಯಂತ್ರ ಇಲ್ಲ, ಒಂದು ಎಕರೆ ತೋಟ ಇಲ್ಲ. ಬಂದದ್ದು ಹೆಸರು, ವ್ಯಾಪಾರ, ಸುಮಾರು 500 ಮಂದಿ ನೌಕರರು. ಹಿಂದಿನ ದಿನದವರೆಗೆ ಸ್ಟಾರ್‌ಬಕ್ಸ್‌ನ ಅಢಾವೆ ಪತ್ರಿಕೆಯಲ್ಲಿ ಆ ಮೊತ್ತದ ಹತ್ತಿರ ಹೋಗುವ ಯಾವ ಹೆಸರಿನ ಆಸ್ತಿಯೂ ಇರಲಿಲ್ಲ. ಕಾಫಿ ಬೀಜ ಬೆಳೆದವನಿಗೆ ಒಂದು ಬೆಲೆ, ಆ ಬೀಜದ ಮೇಲೆ ಹಚ್ಚುವ ಚೀಟಿಗೆ ಇನ್ನೊಂದು ಬೆಲೆ ಎಂಬ ನಮ್ಮ ಹಳೆಯ ಸಂಕಟವನ್ನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಬೇರೆ ಲೇಖನವೇ ಬೇಕು.

ಈ ನಿಯಮ ಮೂರ್ಖತನವೆಂದು ಕೆಲವರು ವಾದಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಂತ್ರಕ್ಕೆ ಬೀಗ ಹಾಕಿ ರಾತ್ರಿ ಮನೆಗೆ ಹೋಗಬಹುದು. ನೌಕರ ತಾನೇ ಮನೆಗೆ ಹೋಗುತ್ತಾನೆ, ಬೆಳಿಗ್ಗೆ ಬರುವುದೂ ಬಿಡುವುದೂ ಅವನ ಇಷ್ಟ. ತನ್ನ ಕೈಯಲ್ಲಿಲ್ಲದ್ದನ್ನು ತನ್ನ ಆಸ್ತಿಯೆಂದು ಬರೆದುಕೊಳ್ಳಲು ಬಿಟ್ಟರೆ ಕಂಪನಿಗಳು ಎಲ್ಲಿಗೆ ಹೋಗಿ ನಿಲ್ಲುತ್ತವೆ? ಆದ್ದರಿಂದ ಲೆಕ್ಕಪುಸ್ತಕದಲ್ಲಿ ಬರೆಯಬಾರದು ಎಂಬುದು ಸರಿಯೇ. ತಕರಾರು ಇರುವುದು ಮುಂದಿನ ಮಾತಿಗೆ. ಪುಸ್ತಕದಲ್ಲಿ ಬರೆಯದಿದ್ದರೆ ಹಣ ಹಾಕಿದವನಿಗೆ ಬೇರೆ ಹೇಗೆ ತಿಳಿಸಬೇಕು?

ಇದಕ್ಕೆ ಒಂದು ಉತ್ತರವನ್ನು ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಂಪನಿಯೇ ಹುಡುಕಿತ್ತು. 1990ರ ದಶಕದಿಂದ ಹಲವಾರು ವರ್ಷ ಅದರ ವಾರ್ಷಿಕ ವರದಿಯ ಹಿಂಭಾಗದಲ್ಲಿ ಕೆಲವು ಹೆಚ್ಚಿನ ಪುಟಗಳಿರುತ್ತಿದ್ದವು. ಒಂದರಲ್ಲಿ ತನ್ನ ನೌಕರರ ಒಟ್ಟು ಮೌಲ್ಯ ಇಷ್ಟು ಕೋಟಿ ರೂಪಾಯಿ ಎಂದು ಕಟ್ಟಿದ್ದರು. ಇನ್ನೊಂದರಲ್ಲಿ ಇನ್ಫೋಸಿಸ್ ಎಂಬ ಹೆಸರಿನ ಮೌಲ್ಯ. ಮತ್ತೊಂದರಲ್ಲಿ ಇವೆರಡನ್ನೂ ಸೇರಿಸಿದ ಒಂದು ಬೇರೆಯೇ ಅಢಾವೆ ಪತ್ರಿಕೆ. ಇವು ಕಾನೂನಿನ ಲೆಕ್ಕವಲ್ಲ, ಹೆಚ್ಚಿನ ಮಾಹಿತಿ ಮಾತ್ರ, ಇದನ್ನು ನಂಬಿ ಭವಿಷ್ಯ ಊಹಿಸುವುದು ಅಪಾಯ ಎಂಬ ಎಚ್ಚರಿಕೆಯನ್ನೂ ಜೊತೆಗೇ ಅಚ್ಚು ಹಾಕುತ್ತಿದ್ದರು. ಪ್ರಾಮಾಣಿಕರೇ ಸರಿ. ನೌಕರರ ಮೌಲ್ಯ ಕಟ್ಟುವುದು ಅವರು ಮೊದಲು ಮಾಡಿದ್ದೂ ಅಲ್ಲ. ಸರ್ಕಾರಿ ರಂಗದ ಬಿ.ಎಚ್.ಇ.ಎಲ್. 1970ರ ದಶಕದಲ್ಲೇ ಇದನ್ನು ಆರಂಭಿಸಿತ್ತು. ಲೆಕ್ಕದ ರೀತಿ ಬರೂಕ್ ಲೆವ್ ಮತ್ತು ಅಬಾ ಶ್ವಾರ್ಟ್ಸ್ ಎಂಬ ಇಬ್ಬರು ವಿದ್ವಾಂಸರು 1971ರಲ್ಲಿ ಪ್ರಕಟಿಸಿದ್ದು.

ಆ ರೀತಿಯನ್ನು ನಮ್ಮ ತೋಟಕ್ಕೇ ಹಚ್ಚಿ ನೋಡೋಣ. ನಿಮ್ಮ ತೋಟದ ರೈಟರಿಗೆ ತಿಂಗಳಿಗೆ 20,000 ರೂ. ಸಂಬಳ, ಇನ್ನು 10 ವರ್ಷ ಕೆಲಸ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2 ಲಕ್ಷ 40 ಸಾವಿರ. ಹತ್ತು ವರ್ಷಕ್ಕೆ 24 ಲಕ್ಷ. ಆದರೆ ಮುಂದೆ ಬರುವ ರೂಪಾಯಿ ಇಂದಿನ ರೂಪಾಯಿಗೆ ಸಮವಲ್ಲವಾದ್ದರಿಂದ ಶೇಕಡಾ 12ರ ಬಡ್ಡಿ ಹಿಡಿದು ಹಿಂದಕ್ಕೆ ಎಳೆದರೆ ಇಂದಿನ ಮೌಲ್ಯ ಸುಮಾರು 13 ಲಕ್ಷ 56 ಸಾವಿರ ರೂ. ಇದೇ ನಿಮ್ಮ ರೈಟರ ಮೌಲ್ಯ! ಗಮನಿಸಿ, ಅವರಿಗೆ ಏನು ಗೊತ್ತು ಎಂಬ ಪ್ರಶ್ನೆಯನ್ನು ಈ ಲೆಕ್ಕ ಎಲ್ಲಿಯೂ ಕೇಳಲೇ ಇಲ್ಲ. ಅವರು ಬಿಳಿ ಕಾಂಡಕೊರಕ ಹತ್ತಿದ ಗಿಡವನ್ನು ದೂರದಿಂದಲೇ ಗುರುತಿಸುವವರಾಗಿರಬಹುದು, ಅಥವಾ ಹಾಜರಿ ಪುಸ್ತಕ ಬರೆಯಲು ಮಾತ್ರ ಬರುವವರಾಗಿರಬಹುದು, ಲೆಕ್ಕ ಒಂದೇ. ಸಂಬಳ ಎರಡರಷ್ಟು ಮಾಡಿದರೆ ಮೌಲ್ಯವೂ ಎರಡರಷ್ಟು. ಬಡ್ಡಿಯ ದರ ಸ್ವಲ್ಪ ಇಳಿಸಿದರೆ ಮೌಲ್ಯ ತಾನಾಗಿ ಏರುತ್ತದೆ. ಮುಂದಿನ ತಿಂಗಳು ಪಕ್ಕದ ಎಸ್ಟೇಟಿನವರು 3,000 ರೂ. ಹೆಚ್ಚಿಗೆ ಕೊಟ್ಟು ಕರೆದರೆ ನಿಮ್ಮ 13 ಲಕ್ಷ 56 ಸಾವಿರ ಬೇಲಿ ದಾಟಿ ಹೋಯಿತು. ಇದಕ್ಕೆ ಖರ್ಚಿನ ಲೆಕ್ಕ ಎನ್ನಬಹುದೇ ಹೊರತು ತಿಳಿವಳಿಕೆಯ ಲೆಕ್ಕ ಎನ್ನಲಾಗದು.

ಹೆಸರಿಗೆ ಕಟ್ಟುವ ಬೆಲೆಯೂ ಇಂಥದೇ. ಅದರ ಪರಿಣಾಮವನ್ನು ನಮ್ಮ ರಾಜ್ಯದಲ್ಲೇ ಕಂಡಿದ್ದೇವೆ. ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪನಿಗೆ ಬ್ಯಾಂಕುಗಳು ಸಾಲ ಕೊಟ್ಟಾಗ ಆಧಾರವಾಗಿ ಬರೆಸಿಕೊಂಡದ್ದರಲ್ಲಿ ಆ ಕಂಪನಿಯ ಹೆಸರು, ಗುರುತುಗಳೂ ಸೇರಿದ್ದವು. ತಜ್ಞರು ಅದಕ್ಕೆ ಸಾವಿರಾರು ಕೋಟಿ ಬೆಲೆ ಕಟ್ಟಿದ್ದರು. 2012ರ ಅಕ್ಟೋಬರಿನಲ್ಲಿ ವಿಮಾನಗಳ ಹಾರಾಟ ನಿಂತಿತು. 2016ರ ಏಪ್ರಿಲಿನಲ್ಲಿ ಬ್ಯಾಂಕುಗಳು ಆ ಹೆಸರನ್ನು 366 ಕೋಟಿ 70 ಲಕ್ಷ ರೂ. ಕನಿಷ್ಠ ಬೆಲೆ ಇಟ್ಟು ಹರಾಜಿಗೆ ಹಾಕಿದಾಗ ಕೂಗಲು ಒಬ್ಬನೂ ಬರಲಿಲ್ಲ. ಎರಡು ಎಕರೆ ಅಡಿಕೆ ತೋಟದ ಮೇಲೆ ಬೆಳೆಸಾಲ ಕೇಳಲು ಹೋದರೆ ಪಹಣಿ, ನಕ್ಷೆ, ಋಣಭಾರ ಪತ್ರ, ಜಾಮೀನುದಾರರು ಎಂದು ನಮ್ಮನ್ನು ನಾಲ್ಕು ಸಲ ಓಡಾಡಿಸುವ ಇದೇ ಲೋಕದಲ್ಲಿ ಒಂದು ಹೆಸರಿನ ಮೇಲೆ ಸಾಲ ಹುಟ್ಟಿತ್ತು ಎಂಬುದನ್ನು ನೆನೆದಾಗ ನಗು ಬರುವುದೋ ಅಳು ಬರುವುದೋ ಹೇಳುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಇನ್ಫೋಸಿಸ್ ವರದಿಯಲ್ಲಿದ್ದ ಇನ್ನೊಂದು ಪುಟದ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸ್ವೀಡನ್ ದೇಶದ ಕಾರ್ಲ್ ಎರಿಕ್ ಸ್ವೇಬಿ ಎಂಬವರ ಮಾದರಿಯನ್ನು ಅನುಸರಿಸಿ ತಯಾರಿಸಿದ ಅಂಕಪಟ್ಟಿ ಅದು. ಅದರಲ್ಲಿ ರೂಪಾಯಿ ಮೌಲ್ಯ ಕಟ್ಟುವ ಗೊಡವೆ ಇರಲಿಲ್ಲ. ಈ ವರ್ಷದ ವ್ಯಾಪಾರದಲ್ಲಿ ಹಳೆಯ ಗಿರಾಕಿಗಳಿಂದಲೇ ಮತ್ತೆ ಬಂದದ್ದು ಶೇಕಡಾ ಎಷ್ಟು? ಐದು ದೊಡ್ಡ ಗಿರಾಕಿಗಳ ಪಾಲು ಎಷ್ಟು? ನೌಕರರ ಸರಾಸರಿ ವಯಸ್ಸು ಎಷ್ಟು? ಇಂಥ ಪ್ರಶ್ನೆಗಳಿಗೆ ಹಿಂದಿನ ವರ್ಷದ ಅಂಕಿ ಪಕ್ಕದಲ್ಲಿಟ್ಟು ಉತ್ತರ. ಓದುವವನಿಗೆ ಬೇಕಾದದ್ದು ಇದು. ದೊಡ್ಡ ಗಿರಾಕಿಗಳ ಪಾಲಿನ ವಿಷಯವನ್ನೇ ತೆಗೆದುಕೊಳ್ಳಿ. 1995ರಲ್ಲಿ ಇನ್ಫೋಸಿಸ್‌ಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೊಂದರಿಂದಲೇ ಆದಾಯದ ಸುಮಾರು ಕಾಲು ಭಾಗ ಬರುತ್ತಿತ್ತು. ದರದ ಮಾತಿನಲ್ಲಿ ಹೊಂದಿಕೆಯಾಗದೆ ಆ ಗಿರಾಕಿಯನ್ನೇ ಬಿಡಬೇಕಾಯಿತು. ಒಬ್ಬನೇ ಸಾಹುಕಾರನಿಗೆ ಅಡಿಕೆ ಹಾಕುತ್ತಾ ಬಂದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಡದ ಬೆಲೆಯಲ್ಲಿ ಈ ಅಪಾಯ ಕಾಣುವುದಿಲ್ಲ, ನೌಕರರ ಮೌಲ್ಯದ ಕೋಟಿಗಳಲ್ಲೂ ಕಾಣುವುದಿಲ್ಲ. ಅಂಕಪಟ್ಟಿಯ ಆ ಒಂದು ಸಾಲಿನಲ್ಲಿ ಕಾಣುತ್ತದೆ.

ಇನ್ನೊಂದು ಅಂಕಿ, ಕೆಲಸ ಬಿಟ್ಟು ಹೋದವರದು. 2022ರ ಜೂನ್‌ಗೆ ಮುಗಿದ ತ್ರೈಮಾಸಿಕದ ವರದಿಯಲ್ಲಿ ಇನ್ಫೋಸಿಸ್ ಆ ಪ್ರಮಾಣ ಶೇಕಡಾ 28.4 ಎಂದು ಪ್ರಕಟಿಸಿತು. ಅಂದರೆ ಹನ್ನೆರಡು ತಿಂಗಳಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತಾವಾಗಿ ಬಿಟ್ಟುಹೋಗಿದ್ದಾರೆ. ಕಂಪನಿಗೆ ಹೇಳಿಕೊಳ್ಳಲು ಸಂತೋಷದ ಅಂಕಿಯಲ್ಲ. ಆದರೂ ಹೇಳಿತು. 2024ರ ಮಾರ್ಚ್ ವೇಳೆಗೆ ಅದೇ ಅಂಕಿ ಶೇಕಡಾ 12.6ಕ್ಕೆ ಇಳಿಯಿತು, ಅದನ್ನೂ ಹೇಳಿತು. ಇಳಿದದ್ದಕ್ಕೆ ಹೊರಗೆ ಕೆಲಸಗಳು ಕಡಿಮೆಯಾದದ್ದೂ ಕಾರಣವಿರಬಹುದು; ಅದನ್ನು ಓದುವವನು ತೂಗಿ ನೋಡಿಕೊಳ್ಳಲಿ. ನನ್ನ ಮಟ್ಟಿಗೆ, ಕಹಿಯಾದಾಗಲೂ ಅದೇ ಅಳತೆಯಲ್ಲಿ ಅದೇ ಜಾಗದಲ್ಲಿ ಅಚ್ಚಾಗುವ ಈ ಒಂದು ಸಾಲು, ನೌಕರರ ಮೌಲ್ಯ ಇಷ್ಟು ಸಾವಿರ ಕೋಟಿ ಎಂಬ ಹೊಳೆಯುವ ಪುಟಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ನೌಕರರ ಮೌಲ್ಯ ಕಟ್ಟುವ ರೀತಿಯನ್ನು ಹೇಳಿಕೊಟ್ಟ ಬರೂಕ್ ಲೆವ್ ಅವರೇ 2016ರಲ್ಲಿ ಫೆಂಗ್ ಗು ಎಂಬವರ ಜೊತೆ ಬರೆದ ಪುಸ್ತಕದಲ್ಲಿ, ಕಂಪನಿಗಳು ಗಿರಾಕಿಗಳು ಎಷ್ಟು ಬಂದರು, ಎಷ್ಟು ಹೋದರು ಎಂಬಂಥ ಸಂಗತಿಗಳ ಪ್ರತ್ಯೇಕ ವರದಿಯನ್ನೇ ಕೊಡಬೇಕು ಎಂದು ವಾದಿಸಿದ್ದಾರೆ.

ಹಾಗಾದರೆ ಸಂಗತಿಗಳ ಪಟ್ಟಿ ಕೊಟ್ಟುಬಿಟ್ಟರೆ ಸಾಕೆ? ಸಾಲದು ಎಂಬುದಕ್ಕೆ ಸ್ವೀಡನ್ನಿನದೇ ಉದಾಹರಣೆ ಇದೆ. ಈ ಇಡೀ ವಿದ್ಯೆಗೆ ತೊಟ್ಟಿಲು ಎನ್ನಬಹುದಾದದ್ದು ಅಲ್ಲಿನ ಸ್ಕಾಂಡಿಯ ಎಂಬ ವಿಮಾ ಕಂಪನಿ. 1991ರಲ್ಲಿ ಅದು ಲೀಫ್ ಎಡ್ವಿನ್ಸನ್ ಎಂಬವರನ್ನು ಕಂಪನಿಯ ಬೌದ್ಧಿಕ ಬಂಡವಾಳವನ್ನು ನೋಡಿಕೊಳ್ಳುವ ಅಧಿಕಾರಿಯನ್ನಾಗಿ ನೇಮಿಸಿತು. 1994ರ ವಾರ್ಷಿಕ ವರದಿಯ ಜೊತೆಗೆ ಈ ಬಂಡವಾಳದ್ದೇ ಒಂದು ಪುರವಣಿ ಹೊರತಂದಿತು. ಕಂಪನಿಯೆಂದರೆ ಮರವಿದ್ದಂತೆ, ಲೆಕ್ಕಪತ್ರ ತೋರಿಸುವುದು ಹಣ್ಣನ್ನು ಮಾತ್ರ, ನಾವು ಬೇರನ್ನು ತೋರಿಸುತ್ತೇವೆ ಎಂಬುದು ಎಡ್ವಿನ್ಸನ್ ಅವರ ವಾದ. ಬೇರುಹುಳ ತಿಂದ ಅಡಿಕೆ ಮರದ ಸೋಗೆ ಹಳದಿಯಾಗುವ ಹೊತ್ತಿಗೆ ಕಾಲ ಮೀರಿರುತ್ತದೆಂದು ಬಲ್ಲ ನಮಗೆ ಈ ಮಾತು ತಟ್ಟನೆ ಹಿಡಿಸುತ್ತದೆ. ಜಗತ್ತಿನ ಎಲ್ಲ ಕಡೆಯಿಂದ ಜನ ಸ್ಕಾಂಡಿಯದ ಪುರವಣಿಯನ್ನು ತರಿಸಿ ಓದಿದರು. ಅದರಲ್ಲಿ ಹೆಚ್ಚು ಹೊಗಳಿಸಿಕೊಂಡ ಶಾಖೆಗಳಲ್ಲಿ ಅಮೆರಿಕದ ಶಾಖೆಯೂ ಒಂದು. ಶೇರು ಪೇಟೆಯ ಏರಿಳಿತಕ್ಕೆ ಕಟ್ಟುಬಿದ್ದ ವಿಮಾ ಪತ್ರಗಳನ್ನು ಮಾರುವುದು ಅದರ ವ್ಯಾಪಾರ.

2000ದ ನಂತರ ಪೇಟೆ ಕುಸಿಯಿತು. ಆ ಅಮೆರಿಕದ ಶಾಖೆಯನ್ನೇ ಬೇರೆ ಕಂಪನಿಗೆ ಮಾರಬೇಕಾಯಿತು, ಮಾರಾಟ 2003ರಲ್ಲಿ ಮುಗಿಯಿತು. ಅದೇ ವರ್ಷ ಕಂಪನಿಯ ಮೇಲಧಿಕಾರಿಗಳು ಮಿತಿಮೀರಿ ಬೋನಸ್ ಪಡೆದದ್ದು, ಕಂಪನಿಯ ಖರ್ಚಿನಲ್ಲಿ ಮನೆಗಳನ್ನು ನವೀಕರಿಸಿಕೊಂಡದ್ದು ಬಯಲಾಗಿ ಮುಖ್ಯಸ್ಥರು ಹುದ್ದೆ ಬಿಟ್ಟರು. 2006ರಲ್ಲಿ ಸ್ಕಾಂಡಿಯ ಇನ್ನೊಂದು ಕಂಪನಿಯ ಕೈಸೇರಿತು. ಬೇರು ತೋರಿಸುವ ಪುರವಣಿಯ ಯಾವ ಪುಟವೂ ಬುಡದಲ್ಲಿ ಹತ್ತಿದ ಈ ಹುಳವನ್ನು ತೋರಿಸಿರಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಒಂದೊಂದು ಶಾಖೆಯೂ ತನಗೆ ಬೇಕಾದ ಅಳತೆಯನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಕ್ಯೂರಿಂಗ್‌ಗೆ ಕಳಿಸಿದ ಕಾಫಿಯ ಔಟ್‌ಟರ್ನನ್ನು ಕಳಿಸಿದವನೇ ಬರೆದುಕೊಳ್ಳಲಿ ಎಂದರೆ ಏನಾಗುತ್ತದೋ ಅದೇ ಇಲ್ಲಿಯೂ ಆಯಿತು.

ಕಣ್ಣಿಗೆ ಕಾಣುವ ಆಸ್ತಿಯಾದರೆ ಮೋಸವಿಲ್ಲ ಎಂದು ತಿಳಿಯುವವರಿಗೆ ಒಂದೇ ಮಾತು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ತಾವೇ ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ರೂ. ನಗದು ಮತ್ತು ಬ್ಯಾಂಕ್ ಶಿಲ್ಕಿನ ಪೈಕಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಬ್ಯಾಂಕಿನಲ್ಲಿರುವ ದುಡ್ಡಿಗಿಂತ ಕಾಣುವ ಆಸ್ತಿ ಬೇರೆ ಯಾವುದಿದೆ? ಕಾಣುವುದಿರಲಿ, ಕಾಣದ್ದಿರಲಿ, ಹೊರಗಿನವನೊಬ್ಬ ಬಂದು ಎಣಿಸಿ ನೋಡುವಂತಿರಬೇಕು.

ಹಾಗಾದರೆ ಶೇರು ಕೊಂಡ ನಮ್ಮ ಸದಸ್ಯರು ಈಗ ಏನು ನೋಡಬೇಕು? ಸೆಬಿ 2021ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಪೇಟೆ ಬೆಲೆಯಲ್ಲಿ ಮೊದಲ 1,000 ಕಂಪನಿಗಳು 2022-23ನೇ ಸಾಲಿನಿಂದ ವಾರ್ಷಿಕ ವರದಿಯ ಜೊತೆ ಹೊಣೆಗಾರಿಕೆ ವರದಿಯೊಂದನ್ನು ಕೊಡಲೇಬೇಕು. ಬಿ.ಆರ್.ಎಸ್.ಆರ್. ಎಂದು ಅದರ ಹೆಸರು. ಪುಟಗಳು ಬಹಳ, ಓದಲು ಬೇಸರ, ಒಪ್ಪುತ್ತೇನೆ. ಆದರೆ ಅದರ ಆರಂಭದ ಭಾಗದಲ್ಲೇ ಕಾಯಂ ನೌಕರರಲ್ಲಿ ಎಷ್ಟು ಮಂದಿ ಬಿಟ್ಟುಹೋದರು ಎಂಬ ಪ್ರಮಾಣ ಮೂರು ವರ್ಷದ್ದು ಒಟ್ಟಿಗೆ ಇರುತ್ತದೆ. ಮುಂದೆ ಎಷ್ಟು ಮಂದಿಗೆ ಕೌಶಲದ ತರಬೇತಿ ಕೊಟ್ಟರು ಎಂಬುದೂ ಇರುತ್ತದೆ. ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಕೊಡಬೇಕಾದ್ದರಿಂದ ಒಂದರ ಪಕ್ಕ ಒಂದನ್ನಿಟ್ಟು ನೋಡಬಹುದು. ಮಕ್ಕಳಿಗೆ ಹೇಳಿ ಆ ಎರಡು ಪುಟಗಳನ್ನಷ್ಟೇ ತೆಗೆಸಿ ನೋಡಿ. ಅಧ್ಯಕ್ಷರ ಪತ್ರದಲ್ಲಿ “ನಮ್ಮ ಜನರೇ ನಮ್ಮ ಆಸ್ತಿ” ಎಂದು ಬರೆದಿದ್ದರೆ, ಆ ಆಸ್ತಿಯ ಮೂರರಲ್ಲೊಂದು ಪಾಲು ಪ್ರತಿವರ್ಷ ಗೇಟು ದಾಟುತ್ತಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

ಇನ್ನು ನಮ್ಮ ಮನೆಯ ಮಾತು. ಸೆಬಿಯ ನಿಯಮ ಸಹಕಾರ ಸಂಘಕ್ಕೆ ಅನ್ವಯಿಸುವುದಿಲ್ಲ. ಆದರೆ ಹಣ ಹಾಕಿದವರಿಗೆ ವರದಿ ಕೊಡುವ ಕೆಲಸ ನಾವೂ ಮಾಡುತ್ತೇವೆ. ಪ್ರತಿವರ್ಷ ಮಹಾಸಭೆಗೆ ಮುಂಚೆ ನಿಮ್ಮ ಕೈಗೆ ಬರುವ ಪುಸ್ತಕದಲ್ಲಿ ಗೋದಾಮು, ತೂಕದ ಯಂತ್ರ, ಲಾರಿ, ಕುರ್ಚಿ ಮೇಜುಗಳ ಸವಕಳಿಯವರೆಗೆ ಎಲ್ಲ ಇರುತ್ತದೆ. ನಮ್ಮ ವಿಂಗಡಣೆ ವಿಭಾಗದವರ ಬಗ್ಗೆ ಇರುವುದು ಸಂಬಳದ ಬಾಬ್ತಿನ ಒಂದು ಸಾಲು. ರಾಶಿ ಇಡಿಯಲ್ಲಿ ಬೆಟ್ಟೆ ಎಷ್ಟು ಬೆರೆತಿದೆ, ಚಾಲಿಯಲ್ಲಿ ಒಳಗೆ ಕರಿ ಬಿದ್ದದ್ದು ಯಾವುದು ಎಂದು ಕೈಯಲ್ಲಿ ಹಿಡಿದ ತೂಕದಿಂದ, ತಾಗಿಸಿದ ಸದ್ದಿನಿಂದ ಹೇಳುವವರು ಅವರು. ಖರೀದಿದಾರರು ಮೂಟೆ ಬಿಚ್ಚಿಸದೆ ನಮ್ಮ ಚೀಟಿ ನೋಡಿ ದರ ಬರೆಯುವುದು ಅವರ ಮೇಲಿನ ಭರವಸೆಯಿಂದ. ಇವರಲ್ಲಿ ಮೂವರು ಹಿರಿಯರು ಮುಂದಿನ ಕೆಲವೇ ವರ್ಷಗಳಲ್ಲಿ ನಿವೃತ್ತರಾಗುತ್ತಾರೆ. ಅವರ ಪಕ್ಕದಲ್ಲಿ ಕೂತು ಕಲಿಯುತ್ತಿರುವವರು ಎಷ್ಟು ಮಂದಿ ಎಂದು ನಮ್ಮ ವರದಿ ಓದಿದ ಸದಸ್ಯರಿಗೆ ಗೊತ್ತಾಗುವುದಿಲ್ಲ. ಗೋದಾಮಿನ ಹಂಚು ಒಡೆದರೆ ಸಭೆಯಲ್ಲಿ ಅರ್ಧ ಗಂಟೆ ಚರ್ಚೆ, ಇದಕ್ಕೆ ಒಂದು ಪ್ರಶ್ನೆಯೂ ಇಲ್ಲ.

ಹೆಸರಿನ ವಿಷಯಕ್ಕೂ ಇದೇ ಅನ್ವಯ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಿಕೆಯ ನೋಂದಣಿ ಸಿಕ್ಕಿತು. ಅದನ್ನು ಪಡೆದದ್ದು ನಮ್ಮಂಥದೇ ಸಹಕಾರಿ, ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ. ಅದೇ ವರ್ಷ ಕೊಡಗಿನ, ಚಿಕ್ಕಮಗಳೂರಿನ, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೂ ಸಿಕ್ಕಿತು. ಈ ಹೆಸರುಗಳನ್ನು ಸ್ಟಾರ್‌ಬಕ್ಸ್‌ನಂತೆ ಯಾರೂ ಯಾರಿಗೂ ಮಾರುವಂತಿಲ್ಲ, ಊರಿನವರೆಲ್ಲರ ಸ್ವತ್ತು. ಆದರೆ ಹಸಿಯಡಿಕೆ ಬೇಯಿಸುವ ಹದ, ಚೊಗರಿನ ಹದ, ಕಣದಲ್ಲಿ ಚೆರ್ರಿ ತಿರುವುವ ಹೊತ್ತು ಇವು ತಪ್ಪಿದ ಮೇಲೆ ಆ ಪ್ರಮಾಣಪತ್ರವನ್ನು ಗೋಡೆಗೆ ನೇತುಹಾಕಬಹುದು, ಅಷ್ಟೆ. ಕೊನೆಗಾರರ ಕಥೆಯಂತೂ ನಿಮಗೆ ಗೊತ್ತೇ ಇದೆ. ಊರಿನಲ್ಲಿ ಮರ ಹತ್ತುವವರು ಎಷ್ಟು ಮಂದಿ ಉಳಿದಿದ್ದಾರೆಂದು ಬೆರಳಿನಲ್ಲಿ ಎಣಿಸುವ ಕಾಲ ಇದು.

ಆದ್ದರಿಂದ ಈ ಸಲದ ವಾರ್ಷಿಕ ವರದಿಗೆ ಒಂದು ಪುಟ ಸೇರಿಸಬೇಕೆಂದು ಆಡಳಿತ ಮಂಡಳಿಯ ಮುಂದೆ ಸೂಚನೆ ಇಟ್ಟಿದ್ದೇನೆ. ಅದರಲ್ಲಿ ರೂಪಾಯಿ ಇರುವುದಿಲ್ಲ. ವಿಂಗಡಣೆಯಲ್ಲಿ ಹತ್ತು ವರ್ಷ ಮೀರಿದ ಅನುಭವವುಳ್ಳವರು ಎಷ್ಟು, ಅವರಲ್ಲಿ ಐದು ವರ್ಷದೊಳಗೆ ನಿವೃತ್ತರಾಗುವವರು ಎಷ್ಟು, ಕಲಿಯುತ್ತಿರುವವರು ಎಷ್ಟು. ಗುಣಮಟ್ಟದ ತಕರಾರಿನಿಂದ ಮರಳಿ ಬಂದ ಮೂಟೆಗಳು ಎಷ್ಟು. ನಮ್ಮ ಮಾರಾಟದಲ್ಲಿ ಐದು ದೊಡ್ಡ ಖರೀದಿದಾರರ ಪಾಲು ಶೇಕಡಾ ಎಷ್ಟು. ಹಿಂದಿನ ವರ್ಷ ನಮ್ಮಲ್ಲಿ ಬೆಳೆ ಹಾಕಿದ ಸದಸ್ಯರಲ್ಲಿ ಈ ವರ್ಷವೂ ಹಾಕಿದವರು ಎಷ್ಟು. ಸಂಘದ ಮೂಲಕ ಮರ ಹತ್ತುವ, ಔಷಧಿ ಸಿಂಪಡಿಸುವ ತರಬೇತಿ ಪಡೆದವರು ಎಷ್ಟು, ಅವರಲ್ಲಿ ಇಂದಿಗೂ ಆ ಕೆಲಸದಲ್ಲಿರುವವರು ಎಷ್ಟು. ಮಳೆ ಲೆಕ್ಕದ ಪುಸ್ತಕ ಇಟ್ಟ ಹಿರಿಯ ಸದಸ್ಯರಿಂದ ಅದನ್ನು ನಕಲು ಮಾಡಿಸಿ ಸಂಘದಲ್ಲಿ ಇಟ್ಟುಕೊಳ್ಳುವ ಕೆಲಸ ಎಲ್ಲಿಗೆ ಬಂತು ಎಂಬುದನ್ನೂ ಸೇರಿಸಬೇಕೆಂದು ನನ್ನ ಆಸೆ. ಇದು ಸ್ವಲ್ಪ ಹೆಚ್ಚಾಯಿತೆಂದು ಮಂಡಳಿಯಲ್ಲಿ ಕೆಲವರ ಅಭಿಪ್ರಾಯ. ಇರಲಿ.

ಮುಖ್ಯವಾದ ಆಕ್ಷೇಪ ಬಂದದ್ದು ಬೇರೆ ಕಡೆಯಿಂದ. ಇದನ್ನೆಲ್ಲ ಅಚ್ಚು ಹಾಕಿದರೆ ಹೊರಗಿನ ವ್ಯಾಪಾರಿಗಳಿಗೆ ನಮ್ಮ ಗುಟ್ಟು ತಿಳಿಯುತ್ತದೆ ಎಂದು ಹಿರಿಯ ನಿರ್ದೇಶಕರೊಬ್ಬರು ಹೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಯಾವ ಖರೀದಿದಾರ ಎಷ್ಟು ಕೊಂಡ ಎಂದು ಹೆಸರು ಹಿಡಿದು ಹೇಳುವುದು ಬೇಡ, ಒಟ್ಟು ಪಾಲು ಸಾಕು. ಆದರೆ ನಮ್ಮ ವಿಂಗಡಣೆಯ ಹಿರಿಯರು ಯಾವಾಗ ನಿವೃತ್ತರಾಗುತ್ತಾರೆಂಬುದು ವ್ಯಾಪಾರಿಗಳಿಗೆ ಈಗಾಗಲೇ ಗೊತ್ತಿದೆ, ಅವರಿಗೆ ಕರೆಯೂ ಹೋಗಿರಬಹುದು. ಗೊತ್ತಿಲ್ಲದಿರುವುದು ಸಂಘದ ಮಾಲೀಕರಾದ ಸದಸ್ಯರಿಗೆ ಮಾತ್ರ. ಅಂಕಿಗಳು ಮೊದಲ ವರ್ಷ ಚೆನ್ನಾಗಿ ಕಾಣುವುದಿಲ್ಲ ಎಂಬುದು ಇನ್ನೊಬ್ಬರ ಆತಂಕ. ಚೆನ್ನಾಗಿ ಕಾಣದಿದ್ದರೆ ಸಭೆಯಲ್ಲಿ ಬೈಸಿಕೊಳ್ಳುವುದು ಕಾರ್ಯದರ್ಶಿಯ ಕೆಲಸ, ಅದಕ್ಕೆ ನಾನು ಸಿದ್ಧ. ಸ್ಕಾಂಡಿಯದವರಂತೆ ವರ್ಷಕ್ಕೊಂದು ಹೊಸ ಅಳತೆ ಹಿಡಿಯದಂತೆ, ಈ ಪಟ್ಟಿಯನ್ನು ಒಮ್ಮೆ ಮಹಾಸಭೆ ಒಪ್ಪಿದ ಮೇಲೆ ಐದು ವರ್ಷ ಮಹಾಸಭೆಯ ಅನುಮತಿಯಿಲ್ಲದೆ ಒಂದು ಸಾಲನ್ನೂ ತೆಗೆಯಬಾರದೆಂಬ ನಿರ್ಣಯವನ್ನೂ ಜೊತೆಗೆ ಕೇಳಿದ್ದೇನೆ. ಅಂಕಿಗಳನ್ನು ಎಣಿಸಿ ನೋಡಲು ಆಡಳಿತ ಮಂಡಳಿಯಲ್ಲಿಲ್ಲದ ಇಬ್ಬರು ಸದಸ್ಯರನ್ನು ಸಭೆಯೇ ಆರಿಸಲಿ.

ಪುಟದ ಕರಡು ಸಂಘದ ಕಚೇರಿಯ ಸೂಚನಾ ಫಲಕದಲ್ಲಿದೆ. ಯಾವ ಸಾಲು ಬೇಕು, ಯಾವುದು ಬೇಡ, ನಮ್ಮ ಕಣ್ಣಿಗೆ ಬೀಳದೆ ಹೋದದ್ದು ಯಾವುದು ಎಂಬುದನ್ನು ಸದಸ್ಯರು ಮಹಾಸಭೆಗೆ ಹದಿನೈದು ದಿನ ಮೊದಲು ಬರಹದಲ್ಲಿ ತಲುಪಿಸಬೇಕಾಗಿ ಕೋರಿಕೆ. ಕಾಫಿ ವಿಭಾಗದ ಸದಸ್ಯರಿಂದ ಈವರೆಗೆ ಒಂದು ಸಲಹೆಯೂ ಬಂದಿಲ್ಲ.